ಎಣಿಸುವ ಮೊದಲು: ಗಡಿನಾಡಿನ ಭಾಷಾ ಇತಿಹಾಸದಲ್ಲಿ ಗುಣ ಮತ್ತು ಸಂಖ್ಯೆ

ಗುಣಾತ್ಮಕ ಸಂಶೋಧನೆ ಸಾಹಿತ್ಯದವರದು, ಪರಿಮಾಣಾತ್ಮಕ ಸಮಾಜವಿಜ್ಞಾನದವರದು ಅಂತ ನಾವು ಹಂಚಿಕೊಂಡು ಬಿಟ್ಟಿದ್ದೀವಿ. ಕೊಲ್ಲಾಪುರ ಜಿಲ್ಲೆಯ ಬಿದ್ರಿ, ಗಡಹಿಂಗ್ಲಜ ಕಡೆಯ ಭಾಷೆಯ ಇತಿಹಾಸಕ್ಕೆ ಕೈಹಾಕಿದರೆ ಈ ಹಂಚಿಕೆ ನಿಲ್ಲುವುದಿಲ್ಲ.

ಜನಗಣತಿಯನ್ನೇ ನೋಡ್ರಿ. 1881ರಲ್ಲಿ ಕೇಳಿದ್ದು ಮಾತೃಭಾಷೆ. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ. 1961ರಲ್ಲಿ, ಬಾಲ್ಯದಲ್ಲಿ ತಾಯಿ ಆಡಿದ ಭಾಷೆ. ಮನೆಯಲ್ಲಿ ಕನ್ನಡ, ಬಿದ್ರಿಯ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಮರಾಠಿ ಆಡುವ ರೈತನೊಬ್ಬ ಇದ್ದಾನೆ ಅಂತ ಇಟ್ಟುಕೊಳ್ಳಿ. ಪ್ರಶ್ನೆ ಬದಲಾದರೆ ಅವನು ಬೇರೆ ಖಾನೆಗೆ ಹೋಗ್ತಾನೆ. ಮನುಷ್ಯ ಅವನೇ, ಮಾತೂ ಅದೇ.

ಇನ್ನು ಘಟಕದ ಜಗಳ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಹೆಚ್ಚಾಗಿ ಜಿಲ್ಲೆಯನ್ನು ಘಟಕವಾಗಿ ಹಿಡಿಯಿತು. ಮಹಾರಾಷ್ಟ್ರ ಹಳ್ಳಿಯನ್ನೇ ಘಟಕ ಮಾಡಬೇಕೆಂದು ವಾದಿಸಿತು. ಅಂಕಿ ಒಂದೇ ಇದ್ದರೂ ಘಟಕ ಬದಲಾದರೆ ಬಹುಮತವೂ ಬದಲಾಗುತ್ತದೆ. 1967ರ ಮಹಾಜನ ವರದಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳನ್ನು ಕರ್ನಾಟಕಕ್ಕೆ ಸೂಚಿಸಿತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ ಎಂದಿತು. ಬೆಳಗಾವಿಯ ವಿಷಯದಲ್ಲಿ ತಲೆ ಎಣಿಕೆಯೊಂದೇ ಸಾಲದೆನ್ನಿಸಿ ಸುತ್ತಲಿನ ಪ್ರದೇಶ, ಆಡಳಿತದ ಅನುಕೂಲಗಳನ್ನೂ ಅದು ತೂಗಿತು. ಅಂದರೆ ಅಂಕಿಯ ಕೆಳಗೆ ಯಾವಾಗಲೂ ಒಂದು ಗುಣಾತ್ಮಕ ತೀರ್ಮಾನ ಇದ್ದೇ ಇರ್ತದೆ. ಎಣಿಸುವವರು ಅದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ನಮ್ಮ ಕಡೆಯವರೂ ಪೂರ್ತಿ ಪಾರಾಗುವುದಿಲ್ಲ. ಶಂ.ಬಾ. ಜೋಶಿಯವರು ಸ್ಥಳನಾಮಗಳನ್ನು ಹಿಡಿದು, ಇಂದಿನ ಮಹಾರಾಷ್ಟ್ರದ ದೊಡ್ಡ ಭಾಗದಲ್ಲಿ ಒಮ್ಮೆ ಕನ್ನಡವಿತ್ತೆಂದು ವಾದಿಸಿದರು. ಅವರ ಒಳನೋಟ ನನಗೆ ಈಗಲೂ ದೊಡ್ಡದು. ಆದರೆ ಕನ್ನಡ ಹೆಸರುಗಳನ್ನಷ್ಟೇ ಆರಿಸಿಕೊಂಡು ಅದೇ ದಾರಿಯಲ್ಲಿ ಹೋಗುವ ನಮ್ಮನ್ನು ಯಾರಾದರೂ ಕೇಳಬೇಕು: ಒಟ್ಟು ಎಷ್ಟು ಹೆಸರುಗಳಲ್ಲಿ ಎಷ್ಟು? ಕೊಲ್ಲಾಪುರದ ಶಿಲಾಹಾರರ ಕನ್ನಡ ಶಾಸನಗಳಿಗೂ ಇದೇ ಮಾತು. ದಾನ ಯಾವ ಭಾಷೆಯಲ್ಲಿ ಬರೆಯಲಾಯಿತು ಎಂದು ಅವು ತಿಳಿಸುತ್ತವೆ. ಊರಲ್ಲಿ ಎಷ್ಟು ಮಂದಿ ಆ ಭಾಷೆ ಆಡುತ್ತಿದ್ದರು ಎಂದಲ್ಲ.

ಹಾಗಾಗಿ ನನ್ನ ಕಿರುಪ್ರಬಂಧಕ್ಕೆ ಗಡಹಿಂಗ್ಲಜ ತಾಲೂಕಿನ ಎಲ್ಲಾ ಊರ ಹೆಸರುಗಳನ್ನು ತಗೊಳ್ತಿದ್ದೀನಿ. ಹೆಬ್ಬಾಳದಂಥವು ನಮ್ಮ ಕಿವಿಗೆ ಥಟ್ಟನೆ ಕನ್ನಡ. ವಾಡಿ ಎಂದು ಮುಗಿಯುವವನ್ನೂ ಬಿಡದೆ ಎಣಿಸ್ತೀನಿ. ಎರಡೂ ಕಡೆ ಸೇರದ ಹೆಸರುಗಳಿಗೆ ಮೂರನೆಯ ಪಟ್ಟಿ. ಆ ಊರುಗಳಿಗೆ ಹೋಗಿ, ಹಿರಿಯರು ತಮ್ಮ ಊರನ್ನು ಮನೆಯಲ್ಲಿ ಹೇಗೆ ಕರೀತಾರೆ, ಸಂತೆಯಲ್ಲಿ ಹೇಗೆ ಕರೀತಾರೆ ಎಂದು ಕೇಳಿ ಬರೆದುಕೊಳ್ಳುವುದು ಮುಂದಿನ ಕೆಲಸ.