ಚಿತ್ರಿತ ಆದ್ಯಕ್ಷರ (ಇಟಲಿಯ ಹಸ್ತಪ್ರತಿಗಳಲ್ಲಿ)

ಚರ್ಮಪತ್ರದ ಹಸ್ತಪ್ರತಿಯಲ್ಲಿ ಅಧ್ಯಾಯ ಅಥವಾ ಗೀತೆಯ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಅದರ ಒಡಲಲ್ಲಿ ಬೈಬಲ್ಲಿನ ಪ್ರಸಂಗವನ್ನು ಚಿತ್ರಿಸುವ ಅಲಂಕಾರ ವಿಧಾನ. ಇಟಲಿಯಲ್ಲಿ 13-15ನೆಯ ಶತಮಾನಗಳಲ್ಲಿ ಬೊಲೊನ್ಯ, ಫ್ಲಾರೆನ್ಸ್, ಸಿಯೆನಾಗಳು ಇದರ ಮುಖ್ಯ ಕೇಂದ್ರಗಳಾಗಿದ್ದವು. ಗಾಯಕವೃಂದ ಒಟ್ಟಿಗೆ ನಿಂತು ನೋಡಿ ಹಾಡುತ್ತಿದ್ದ ಬೃಹತ್ ಗೀತಗ್ರಂಥಗಳಲ್ಲಿ ಇದು ಪ್ರೌಢಿಮೆ ಪಡೆಯಿತು.

ಪ್ರಸಂಗದ ಆಯ್ಕೆ ಆಯಾ ಹಬ್ಬದ ಗೀತೆಯನ್ನು ಅನುಸರಿಸುತ್ತದೆ. ಕ್ರಿಸ್ಮಸ್ ದಿನದ ಲ್ಯಾಟಿನ್ ಗೀತೆಯ ಮೊದಲ ಅಕ್ಷರ ‘ಪಿ’ಯ ಹೊಟ್ಟೆಯೊಳಗೆ ಗೋದಲಿ, ಶಿಶು, ಮರಿಯ, ಈಸ್ಟರ್ ಗೀತೆಯ ‘ಆರ್’ನಲ್ಲಿ ಸಮಾಧಿಯಿಂದೇಳುವ ಕ್ರಿಸ್ತ, ಕೀರ್ತನೆಗಳ ಆರಂಭದ ‘ಬಿ’ಯಲ್ಲಿ ತಂತಿವಾದ್ಯ ಹಿಡಿದ ದಾವೀದ. ಹೀಗೆ ಅಕ್ಷರವೇ ಪುಟದ ಗುರುತೂ ಆಗುತ್ತಿತ್ತು.

ಲೇಪ ಬಳಿದ ಜಾಗಕ್ಕೆ ಚಿನ್ನದ ರೇಕು ಅಂಟಿಸಿ, ಪ್ರಾಣಿಯ ಹಲ್ಲು ಅಥವಾ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು; ಬಣ್ಣವನ್ನು ಆಮೇಲೆ ತುಂಬುತ್ತಿದ್ದರು. ಅತ್ಯಂತ ಬೆಲೆಯ ನೀಲಿ ಅಫ್ಘಾನಿಸ್ತಾನದ ರಾಜಾವರ್ತ ಕಲ್ಲಿನದು.

ಫ್ಲಾರೆನ್ಸಿನ ಸಾಂತಾ ಮರಿಯಾ ದೆಲಿ ಆಂಜೆಲಿ ಮಠದ ಸನ್ಯಾಸಿ ಸಿಲ್ವೆಸ್ತ್ರೊ ದೇಯಿ ಗೆರಾರ್ದುಚ್ಚಿ (1339-99) ಈ ಕಲೆಯ ಶ್ರೇಷ್ಠರಲ್ಲೊಬ್ಬ. ನೆಪೋಲಿಯನ್ನನ ಕಾಲದಲ್ಲಿ ಮಠಗಳು ಮುಚ್ಚಿದ ಮೇಲೆ ಅನೇಕ ಗ್ರಂಥಗಳ ಅಕ್ಷರಗಳನ್ನು ಕತ್ತರಿಸಿ ಬಿಡಿಚಿತ್ರಗಳಾಗಿ ಮಾರಲಾಯಿತು. ಇದು ತುಂಬಲಾಗದ ನಷ್ಟ. ವೆನಿಸ್ ಬಳಿಯ ಮುರಾನೊದ ಮಠಕ್ಕಾಗಿ ಸಿಲ್ವೆಸ್ತ್ರೊ ರಚಿಸಿದ ಕ್ರಿಸ್ತಜನನದ ‘ಪಿ’ ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ.