ಪಾದದ ಕೀಲಿಗೆ ಯಾವ ಲೋಹ?

ಇಂಡಿ ಸೀಮೆಯ ಹೊರ್ತಿಯಲ್ಲಿ ಜೋಳದ ಹೊಲದ ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂತರೆ ಮೈಭಾರವೆಲ್ಲ ಪಾದದ ಕೀಲಿನ ಮೇಲೆಯೇ. ಆ ಪುಟ್ಟ ಕೀಲಿಗೆ ಬದಲಿ ಹುಡುಕಿದ ಕಥೆ ಶುರುವಾದದ್ದು ಸೋಲಿನಿಂದ.

1970ರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯರಾದ ಲಾರ್ಡ್ ಮತ್ತು ಮಾರೊಟ್ ಸೊಂಟದ ಕೀಲಿನ ಮಾದರಿಯನ್ನೇ ತಲೆಕೆಳಗು ಮಾಡಿ ಕೂರಿಸಿದರು: ಮೇಲೆ ಉಕ್ಕಿನ ಕಡ್ಡಿ, ಕೆಳಗೆ ಪಾಲಿಥಿನ್ ಬಟ್ಟಲು, ಹಿಡಿತಕ್ಕೆ ಸಿಮೆಂಟು. ಹತ್ತು ವರ್ಷದ ಲೆಕ್ಕದಲ್ಲಿ 25ರಲ್ಲಿ 12 ಕೆಟ್ಟಿದ್ದವು. ತಪ್ಪು ಲೋಹದ್ದಷ್ಟೇ ಎನ್ನಲಾಗದು, ವಿನ್ಯಾಸದ್ದೂ ಹೌದು.

ಡೆನ್ಮಾರ್ಕಿನ ಶಸ್ತ್ರವೈದ್ಯ ಹಾಕನ್ ಕೊಫೋಡ್ 1986ರ ಹೊತ್ತಿಗೆ ಎರಡು ಲೋಹದ ಭಾಗಗಳ ನಡುವೆ ಜಾರುವ ಪಾಲಿಥಿನ್ ಬಿಲ್ಲೆ ಇಟ್ಟರು. 1990ರಲ್ಲಿ ಸಿಮೆಂಟನ್ನೂ ಬಿಟ್ಟರು. ಅಮೆರಿಕ ಈ ಕೀಲನ್ನು ಒಪ್ಪಿದ್ದು 2009ರಲ್ಲಿ!

ಇನ್ನು ಲೋಹದ ಮಾತು: ಟೈಟೇನಿಯಂ ಹಗುರ, ಮೂಳೆಗೆ ಒಗ್ಗುತ್ತದೆ. ಉಜ್ಜಾಟಕ್ಕೆ ಮಾತ್ರ ಬೇಗ ಗೀರು ಬೀಳುತ್ತದೆ. ಹಾಗಾಗಿ ಜಾರುವ ಮೈಗೆ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂ. ಆದರೂ ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಹಲವು ವೈದ್ಯರು ಇಂದಿಗೂ ಬದಲಿ ಕೀಲು ಹಾಕಿಸುವುದಕ್ಕಿಂತ ಇರುವ ಕೀಲನ್ನೇ ಬೆಸೆಯಲು ಹೇಳುತ್ತಾರೆ.