ಕೊಡೋರು ಯಾರು, ಇಸ್ಕೊಳ್ಳೋರು ಯಾರು?

‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್?’ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿಯ ಶಾಲೆಯಲ್ಲಾದರೂ ಕಿವಿಗೆ ಬೀಳುವಂಥ ಮಾತಿದು. ಹುಡುಗನಿಗೆ ಪೆನ್ನು ಬೇಕೆನ್ನುವುದು ತಿಳಿಯುತ್ತದೆ. ಆದರೆ ವಾಕ್ಯ ತಿರುವುಮುರುವಾಗಿದೆ. ಇಸ್ಕೊಳ್ಳುವವರು ಮಾಡುವುದು ಬಾರೋ, ಕೊಡುವವರು ಮಾಡುವುದು ಲೆಂಡ್. ‘ಕ್ಯಾನ್ ಐ ಬಾರೋ ಯುವರ್ ಪೆನ್?’ ಎಂದರೂ ಸರಿ, ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್?’ ಎಂದರೂ ಸರಿ.

ಈ ಗೊಂದಲ ದಡ್ಡತನದ್ದಲ್ಲ. ನಮ್ಮಲ್ಲಿ ಸಾಲ, ಕಡ ಎಂಬ ಪದಗಳಿಗೆ ದಿಕ್ಕಿಲ್ಲ. ಕೊಟ್ಟ, ಇಸ್ಕೊಂಡ ಎಂಬ ಕ್ರಿಯಾಪದ ಬಂದಮೇಲೇ ದಿಕ್ಕು. ಇಂಗ್ಲಿಷಿನಲ್ಲಿ ಸಾಲವನ್ನೂ ಅದರ ದಿಕ್ಕನ್ನೂ ಒಂದೇ ಪದ ಹೇಳಿಬಿಡುತ್ತದೆ. ಬಾರೋ ಪದದ ದಾಯಾದಿಯಾದ ಜರ್ಮನ್ನಿನ ‘ಬೊರ್ಗೆನ್’ಗೆ ಕೊಡುವುದು, ಇಸ್ಕೊಳ್ಳುವುದು ಎಂಬ ಎರಡೂ ಅರ್ಥ ಇವತ್ತಿಗೂ ಇವೆ. ಹಳೆಯ ಇಂಗ್ಲಿಷಿನಲ್ಲಿ ಬಾರೋ ಪದದ ಬೇರಾದ ‘ಬೊರ್ಗ್’ ಎಂದರೆ ಜಾಮೀನು.

ಇನ್ನು ನಮ್ಮ ಭಾಷೆಯ ಸಂಪತ್ತು ನೋಡಿ. ಬಡ್ಡಿಗೆ ತಂದರೆ ಸಾಲ, ನಾಲ್ಕು ದಿನದ ಮಟ್ಟಿಗೆ ನಂಬಿಕೆಯ ಮೇಲೆ ಇಸ್ಕೊಂಡರೆ ಕೈಗಡ, ಅಂಗಡಿಯಲ್ಲಿ ಲೆಕ್ಕ ಬರೆಸಿದರೆ ಉದ್ರಿ. ಮದುವೆಗೆ ಹಾಕಿಕೊಂಡು ಹಿಂದಿರುಗಿಸುವ ಒಡವೆ ಎರವಲು. ಇವತ್ತು ಅವರ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವರು ಆಳಾಗಿ ಹೋದರೆ ಅದು ಮುಯ್ಯಿ. ಇಷ್ಟು ಸೂಕ್ಷ್ಮ ಬಲ್ಲ ಮಗುವಿಗೆ ಬಾರೋ, ಲೆಂಡ್ ಕಷ್ಟವಾಗಬೇಕಿಲ್ಲ.

ದಾರಿ ವಿಭಕ್ತಿಯಲ್ಲೇ ಇದೆ. ‘ಅವನಿಗೆ’ ಎಂದು ಬಂದರೆ ಲೆಂಡ್, ಜೊತೆಗೆ ‘ಟು’. ‘ಅವನಿಂದ’, ‘ಅವನ ಹತ್ರ’ ಎಂದು ಬಂದರೆ ಬಾರೋ, ಜೊತೆಗೆ ‘ಫ್ರಮ್’. ಬಿತ್ತನೆ ಹೊತ್ತಿಗೆ ಬಸಣ್ಣ ಪಕ್ಕದ ಹೊಲದ ಈರಣ್ಣನ ಹತ್ರ ಕೂರಿಗೆ ಇಸ್ಕೊಂಡ ಎನ್ನಿ: ಬಸಣ್ಣ ಬಾರೋಡ್ ಇಟ್ ಫ್ರಮ್ ಈರಣ್ಣ, ಈರಣ್ಣ ಲೆಂಟ್ ಇಟ್ ಟು ಬಸಣ್ಣ. ಕೂರಿಗೆ ಒಂದೇ, ಹೇಳುವವರು ನಿಂತ ಕಡೆ ಬೇರೆ. ಕಲಿ–ಕಲಿಸು ಗೊತ್ತಿದ್ದವರಿಗೆ ಲರ್ನ್–ಟೀಚ್, ತಾ–ಒಯ್ಯಿ ಗೊತ್ತಿದ್ದವರಿಗೆ ಬ್ರಿಂಗ್–ಟೇಕ್ ಕೂಡ ಹೀಗೇ ಬಿಡಿಸಿಕೊಳ್ಳುತ್ತವೆ.

ಇದು ಬರೀ ಪರೀಕ್ಷೆಯ ಅಂಕದ ಮಾತಲ್ಲ. ಬ್ಯಾಂಕಿನ ಸಾಲದ ಕಾಗದದಲ್ಲಿ ರೈತ ಸಹಿ ಹಾಕುವ ಜಾಗದ ಕೆಳಗೆ ‘ಬಾರೋವರ್’ ಎಂದು ಅಚ್ಚಾಗಿರುತ್ತದೆ; ಲೆಂಡರ್ ಎಂದರೆ ಬ್ಯಾಂಕು. ‘ಗ್ಯಾರಂಟರ್’ ಎಂದಿರುವಲ್ಲಿ ಸಹಿ ಹಾಕಿದವರು ಜಾಮೀನುದಾರರು: ಇಸ್ಕೊಂಡವರು ಕಟ್ಟದಿದ್ದರೆ ಆ ಸಾಲ ಇವರ ಕೊರಳಿಗೆ. ಗೆಳೆಯನಿಗಾಗಿ ಸಹಿ ಹಾಕುವ ಮುನ್ನ ಈ ಮೂರು ಪದಗಳ ವ್ಯತ್ಯಾಸ ತಿಳಿದಿರಲೇಬೇಕು.

ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೇ: ಇಂಗ್ಲಿಷ್ ಪಾಠದಲ್ಲಿ ಕನ್ನಡವನ್ನು ಹೊರಗೆ ನಿಲ್ಲಿಸಬೇಡಿ. ತಪ್ಪು ವಾಕ್ಯಕ್ಕೆ ಕೆಂಪು ಗೀಟು ಹಾಕುವ ಮುಂಚೆ ಕೇಳಿ, ‘ಕೊಡೋರು ಯಾರು, ಇಸ್ಕೊಳ್ಳೋರು ಯಾರು?’ ಉತ್ತರ ಮಗುವಿನ ಬಾಯಲ್ಲೇ ಇದೆ. ಸರಿಯಾದ ಇಂಗ್ಲಿಷ್ ಪದವೂ ಅದರ ಹಿಂದೆಯೇ ಬರುತ್ತದೆ.